ನೀರು ಕಟ್ಟಿದ ಮಲ್ಲಿಗೆ

ಫೆಬ್ರವರಿ ಮೊದಲ ವಾರದ ಒಂದು ರಾತ್ರಿ. ಹನ್ನೊಂದೂ ಮುಕ್ಕಾಲಿಗೆ ಅಮೆರಿಕದವರ ಕಾಲ್ ಮುಗಿಸಿ, ಕೈಯಲ್ಲೊಂದು ಚೊಂಬು ನೀರು ಹಿಡಿದು, ಕಾಲಿನ ಸದ್ದಾಗದಂತೆ ಬಾಲ್ಕನಿಗೆ ಹೋದೆ. ದೀಪ ಹಾಕಲಿಲ್ಲ. ಮೂಲೆಯ ಮಲ್ಲಿಗೆ ಕುಂಡಕ್ಕೆ ನೀರು ಸುರಿದೆ. ಚೊಂಬನ್ನು ಸಿಂಕಿನಲ್ಲಿ ಮೆಲ್ಲಗೆ ಇಟ್ಟು ಹೋಗಿ ಮಲಗಿದೆ. ಇಎಂಐ ಕಟ್ಟುತ್ತಿರುವ ಸ್ವಂತ ಮನೆಯಲ್ಲಿ ಸ್ವಂತ ಗಿಡಕ್ಕೆ ಕದ್ದು ನೀರು ಹಾಕುವ ಪರಿಸ್ಥಿತಿ ನನಗೆ ಯಾಕೆ ಬಂತು ಅನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಈ ಅಂಕಣ ಓದುವವರಿಗೆ ನನ್ನ ಬಾಲ್ಕನಿ ಪರಿಚಯವಿದೆ. ಹೊಸಬರಿಗೆ ಹೇಳುವುದಾದರೆ, ಪುಣೆಯ ವಾಕಡ್‌ನಲ್ಲಿ ಎಂಟನೇ ಮಹಡಿ, 11 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಪೂರ್ವಕ್ಕೆ ಮುಖ. ಬೆಳಗಿನ ಬಿಸಿಲು ಹನ್ನೆರಡರವರೆಗೆ ಸಿಗುತ್ತದೆ, ಆಮೇಲೆ ಎದುರಿನ ಟವರ್‌ನ ಗಾಜಿನಿಂದ ತಿರುಗಿ ಬಂದ ಬಿಸಿಲು. 2020ರ ಜೂನ್‌ನಲ್ಲಿ ಲಾಕ್‌ಡೌನ್ ಸಡಿಲವಾದ ಮೊದಲ ವಾರವೇ ನರ್ಸರಿಗೆ ನುಗ್ಗಿ ಒಂದೇ ಸಲಕ್ಕೆ 26 ಕುಂಡ ತಂದವಳು ನಾನು. ಗುಲಾಬಿ, ದಾಸವಾಳ, ಲ್ಯಾವೆಂಡರ್, ಸ್ಟ್ರಾಬೆರಿ, ಹೆಸರು ಗೊತ್ತಿಲ್ಲದ ನಾಲ್ಕು, ಎಲ್ಲವೂ. ದೀಪಾವಳಿಗೆ ಐದು ಉಳಿದಿದ್ದವು. ಉಳಿದ ಐದರಲ್ಲೂ ಎರಡು ಮನಿ ಪ್ಲಾಂಟ್, ಅವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಗೊತ್ತಿಲ್ಲ. ಸತ್ತವುಗಳಲ್ಲಿ ಮುಕ್ಕಾಲು ಪಾಲು ಬಾಯಾರಿ ಸತ್ತಿದ್ದಲ್ಲ. ವರ್ಕ್ ಫ್ರಮ್ ಹೋಮ್ ಬೇಜಾರಿಗೆ ಗಂಟೆಗೊಮ್ಮೆ ನೀರು ಹಾಕಿ ಬೇರು ಕೊಳೆಸಿದ್ದು ನಾನೇ.

ಆವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಒಂದು ಋತುವಿಗೆ ಒಂದೇ ಹೊಸ ಗಿಡ. ಅದು ಒಂದು ಬೇಸಿಗೆ, ಒಂದು ಮಳೆಗಾಲ ದಾಟಿದ ಮೇಲೇ ಅದರ ಜಾತಿಯ ಇನ್ನೊಂದು. ಧಾರವಾಡದವರಾದ ನಮ್ಮನೆಯವರು ಇದಕ್ಕೆ ‘ಆಮೆ ತ್ವಾಟ’ ಅಂತ ಹೆಸರಿಟ್ಟಿದ್ದಾರೆ. ಐದೂವರೆ ವರ್ಷವಾದ ಮೇಲೆ ಈಗ ಹದಿನಾಲ್ಕು ಕುಂಡಗಳಿವೆ. ಒಂದೊಂದು ಗಿಡವೂ ಒಂದೊಂದು ಪಾಠ ಹೇಳಿಕೊಟ್ಟಿತು. ಇಲ್ಲಿಯ ಕಪ್ಪು ಮಣ್ಣು ಕುಂಡಕ್ಕೆ ಹಾಕಿದರೆ ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಇಟ್ಟಿಗೆ ಅಂತ ಪುದೀನ ಹೇಳಿತು. ನರ್ಸರಿಯ ಕೆಂಪು ಮಣ್ಣು, ಗೊಬ್ಬರ, ಕೊಕೊಪೀಟ್ ಮೂರೂ ಸಮ ಸೇರಿಸಬೇಕು, ಕೊಕೊಪೀಟನ್ನು ಎರಡು ಸಲ ತೊಳೆದು ಉಪ್ಪಿನಂಶ ತೆಗೆಯಬೇಕು ಅಂತ ಟೊಮೆಟೊ ಕಲಿಸಿತು. ಇರುವೆ ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ಎಲೆಯ ಹಿಂದೆ ಹಿಟ್ಟು ತಿಗಣೆ ಇದೆ ಅಂತ ಅರ್ಥ, ಇದು ದಾಸವಾಳದ ಪಾಠ. ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು ಸಿಂಪಡಿಸಬೇಕು. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಇದೂ ದಾಸವಾಳವೇ ಕಲಿಸಿದ್ದು, ಎರಡನೇ ದಾಸವಾಳ.

ಇವೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ತೀರ್ಥಹಳ್ಳಿಯಿಂದ ನಗು ಕೇಳಿಸುತ್ತಿತ್ತು. ಅಮ್ಮನಿಗೆ ಗಿಡ ಬೆಳೆಸುವುದು ಅಂದರೆ ರೆಂಬೆ ಮುರಿದು ಹಿತ್ತಲಿನ ಮಣ್ಣಿಗೆ ಚುಚ್ಚುವುದು, ಅಷ್ಟೇ. ಮಿಕ್ಕದ್ದು ಮಳೆ ನೋಡಿಕೊಳ್ಳುತ್ತಿತ್ತು. “ನಿಂದು ಗಿಡ ಸಾಕೋದಲ್ಲ ಮಾರಾಯ್ತಿ, ಐಸಿಯು” ಅನ್ನುತ್ತಿದ್ದರು. ಅಮ್ಮನನ್ನು ಕೇಳಿ ಒಂದು ಸರಿಯಾದ ಪಟ್ಟಿ ಬರೆದಿಟ್ಟುಕೊಳ್ಳಬೇಕು, ಯಾವ ತಿಂಗಳು ಯಾವುದಕ್ಕೆ ಏನು ಮಾಡಬೇಕು ಅಂತ, ಎಂದು ನಾಲ್ಕು ವರ್ಷ ಅಂದುಕೊಂಡೆ. ಆಫೀಸಿನಲ್ಲಿ ಯಾರಾದರೂ ಟೀಮ್ ಬಿಟ್ಟು ಹೋಗುವಾಗ ನಾಲೆಡ್ಜ್ ಟ್ರಾನ್ಸ್‌ಫರ್ ಆಗದೆ ಬಿಡುವುದಿಲ್ಲ ನಾನು. ಮನೆಯಲ್ಲಿ ಮಾತ್ರ ನೆನಪಾಗಲಿಲ್ಲ.

ಅಮ್ಮ ಹೋದದ್ದು ಕಳೆದ ವರ್ಷದ ಜೂನ್‌ನಲ್ಲಿ, ಮಳೆ ಹಿಡಿದ ವಾರ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಕಾರ್ಯಗಳೆಲ್ಲ ಮುಗಿದು ಹೊರಡುವ ದಿನ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಮಲ್ಲಿಗೆ ಬುಡದಲ್ಲಿ ಒಂದು ಕಲ್ಲು ಕಂಡಿತು. ಬಳ್ಳಿಯ ಒಂದು ಟಿಸಿಲನ್ನು ಮಣ್ಣಿಗೆ ಬಗ್ಗಿಸಿ, ಮೇಲೆ ಮಣ್ಣೆಳೆದು, ಏಳದಂತೆ ಕಲ್ಲು ಹೇರಿದ್ದರು ಅಮ್ಮ. ಯಾರಿಗೆ ಕೊಡಲು ಬೇರು ಬರಿಸುತ್ತಿದ್ದರೋ, ಅಪ್ಪನಿಗೂ ಗೊತ್ತಿರಲಿಲ್ಲ. ಕಲ್ಲು ತೆಗೆದು ನೋಡಿದರೆ ಬೇರು ಬಂದಿತ್ತು. ತಾಯಿ ಗಿಡದಿಂದ ಕತ್ತರಿಸಿ, ಒದ್ದೆ ಗೋಣಿಚೂರಿನಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಆ ವರ್ಷದ ನನ್ನ ಒಂದು ಗಿಡ ಅದು. ದುಂಡು ಮಲ್ಲಿಗೆ.

ಸೆಪ್ಟೆಂಬರ್‌ನಲ್ಲಿ ಅಪ್ಪನೂ ಬಂದರು. ಬಂದರು ಅಂದರೆ ತಪ್ಪಾಗುತ್ತದೆ, ಕರೆತಂದೆವು. ಮನೆಗೆ ಬೀಗ. ಪಕ್ಕದ ಮನೆಯವರು ವಾರಕ್ಕೊಮ್ಮೆ ಬಾಗಿಲು ತೆಗೆದು ದೀಪ ಹಚ್ಚುತ್ತೇವೆ ಅಂದರು. ಅಪ್ಪನಿಗೆ 73 ವರ್ಷ. ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವರು. ಬಿಪಿ ಇದೆ, ಶುಗರ್ ಇದೆ, ಮರಾಠಿ ಬರುವುದಿಲ್ಲ, ಹಿಂದಿ ಸಿನಿಮಾ ಹಾಡಿನಷ್ಟು ಬರುತ್ತದೆ. ನಾನು ಅವರಿಗೊಂದು ದಿನಚರಿಯನ್ನೇ ಸಿದ್ಧಮಾಡಿದ್ದೆ. ಬೆಳಿಗ್ಗೆ ಸೊಸೈಟಿಯ ವಾಕಿಂಗ್ ಟ್ರ್ಯಾಕ್, ಸಂಜೆ ಹಿರಿಯರ ಕಟ್ಟೆ, ಕನ್ನಡ ಚಾನೆಲ್‌ಗಳ ಪ್ಯಾಕ್, ತಿಂಗಳಿಗೊಮ್ಮೆ ಕನ್ನಡ ಬಳಗದ ಕಾರ್ಯಕ್ರಮ. ಹೊಸ ಉದ್ಯೋಗಿಗೆ ಮಾಡುವ ಆನ್‌ಬೋರ್ಡಿಂಗ್‌ನಂತೆ. ಅಪ್ಪ ಒಂದನ್ನೂ ಬೇಡವೆನ್ನಲಿಲ್ಲ. ಹೇಳಿದಷ್ಟು ನಡೆದರು, ಹೇಳಿದಲ್ಲಿ ಕೂತರು, ಹಾಕಿದ ಚಾನೆಲ್ ನೋಡಿದರು. ನಾನು ಅದನ್ನೇ ಹೊಂದಿಕೊಂಡಿದ್ದಾರೆ ಅಂದುಕೊಂಡೆ. ಊರಿನಲ್ಲಿ ಗೇಟು ದಾಟಿದರೆ “ಎಲ್ಲಿಗೆ ಹೊರಟ್ರಿ?” ಅಂತ ನಾಲ್ಕು ಜನ ಕೇಳುತ್ತಿದ್ದ ಮನುಷ್ಯ. ಇಲ್ಲಿ ಗೇಟಿನ ಸೆಕ್ಯುರಿಟಿಯವನು ಫ್ಲ್ಯಾಟ್ ನಂಬರ್ ಕೇಳುತ್ತಾನೆ.

ಜನವರಿ 16, ಸಂಕ್ರಾಂತಿ ಕಳೆದು ಎರಡು ದಿನ. ಹಿಂಜವಡಿಯ ಟ್ರಾಫಿಕ್ ದಾಟಿ ಮನೆ ಸೇರಿದಾಗ ಏಳೂವರೆ. ಬಾಲ್ಕನಿಗೆ ಹೋಗಿ ನೋಡಿದರೆ ಮಲ್ಲಿಗೆ ಕುಂಡದಲ್ಲಿ ನಾಲ್ಕು ಬೋಳು ಕಡ್ಡಿಗಳು ನಿಂತಿದ್ದವು. ಒಂದು ಎಲೆ ಇಲ್ಲ. ಆರು ತಿಂಗಳು ನಾನು ಐಸಿಯುನಲ್ಲಿಟ್ಟು ಸಾಕಿದ ಗಿಡ ಅದು. ಹಸಿರೆಲ್ಲ ಒಂದು ಪೇಪರಿನ ಮೇಲೆ ಗುಡ್ಡೆ ಬಿದ್ದಿತ್ತು, ಪಕ್ಕದಲ್ಲಿ ಅಡುಗೆಮನೆ ಕತ್ತರಿ.

“ಏನ್ ಮಾಡಿದ್ರಿ ಅಪ್ಪ ಇದು? ಅಮ್ಮಂದು ಅಂತ ಇದ್ದದ್ದು ಅದೊಂದೇ ಗಿಡ.”

ಅಪ್ಪ ನನ್ನನ್ನು ನೋಡಿ, “ಸಂಕ್ರಾಂತಿ ಆಯ್ತಲ್ಲ” ಅಂದರು. ಅಷ್ಟೇ. ಕತ್ತರಿ ತೊಳೆದು ಒರೆಸಿ ಒಳಗಿಟ್ಟರು.

ಇನ್ನೂ ಒಂದೆರಡು ಮಾತು ಆಡಿದೆ ನಾನು. ಅವನ್ನು ಇಲ್ಲಿ ಬರೆಯುವ ಧೈರ್ಯ ಇಲ್ಲ. ಆ ರಾತ್ರಿ ಮರೆವಿನ ಕಾಯಿಲೆಯ ಲಕ್ಷಣಗಳು ಅಂತ ಫೋನಿನಲ್ಲಿ ಹುಡುಕಿದೆ. ಸಂಬಂಧವಿಲ್ಲದ ಉತ್ತರ, ಮಾತು ಕಡಿಮೆಯಾಗುವುದು, ಆಸಕ್ತಿ ಇಲ್ಲದಿರುವುದು ಎಲ್ಲವೂ ಹೊಂದಿಕೆಯಾಗುವಂತೆ ಕಂಡಿತು. ಹುಡುಕಿದರೆ ಯಾರಿಗೆ ಬೇಕಾದರೂ ಹೊಂದಿಕೆಯಾಗುತ್ತದೆ ಅನ್ನುವುದು ಬೇರೆ ಮಾತು, ಆದರೆ ರಾತ್ರಿ ಹನ್ನೆರಡಕ್ಕೆ ಆ ಬುದ್ಧಿ ಇರುವುದಿಲ್ಲ. ಡಿಸೆಂಬರ್‌ನಿಂದ ಬಾಲ್ಕನಿಯ ನೀರಿನ ಕೆಲಸ ಅಪ್ಪನಿಗೆ ವಹಿಸಿದ್ದೆ. ಗಮನಿಸಿದರೆ, ಹದಿಮೂರು ಕುಂಡಕ್ಕೂ ನೀರು ಬೀಳುತ್ತಿದೆ, ಮಲ್ಲಿಗೆಗೆ ಮಾತ್ರ ಇಲ್ಲ. ಮರೆಯುತ್ತಿದ್ದಾರೆ ಅಂತ ತೀರ್ಮಾನಿಸಿದೆ. ಎದುರಿಗೆ ಹೇಳಿ ನೋಯಿಸುವುದು ಬೇಡ ಅಂತ ಎರಡು ದಿನಕ್ಕೊಮ್ಮೆ ರಾತ್ರಿ ಚೊಂಬು ಹಿಡಿದು ಹೊರಟೆ.

ಫೆಬ್ರವರಿ 8ರ ಭಾನುವಾರ ಡಾಕ್ಟರಿಗೆ ತೋರಿಸಲು ಬಿಪಿ ಲೆಕ್ಕ ಬೇಕಿತ್ತು. ಅಪ್ಪ ಸ್ನಾನಕ್ಕೆ ಹೋಗಿದ್ದರು. ಬಿಪಿ ಬರೆದಿಡುವ ಹಳೆಯ ಡೈರಿಯ ಹಿಂಭಾಗದಲ್ಲಿ ಬೇರೊಂದು ಲೆಕ್ಕ ಕಂಡಿತು. ಅಂಚೆ ಕಚೇರಿಯ ಲೆಡ್ಜರಿನಂತೆ ಸ್ಕೇಲಿಟ್ಟು ಗೆರೆ ಎಳೆದು, ಹದಿನಾಲ್ಕು ಕುಂಡಗಳಿಗೂ ನಂಬರು. ಕರಿಬೇವು ನಂ. 3, ಜ. 20, ಹೊಸ ಕುಡಿ ಇಲ್ಲ. ದಾಸವಾಳ ನಂ. 7, ಇರುವೆ. ನಿಂಬೆ ನಂ. 9, ಎಲೆ ತುದಿ ಬಿಳಿ, ಟ್ಯಾಂಕರ್ ನೀರು. ನಂ. 14ಕ್ಕೆ ಒಂದು ಪುಟವೇ ಇತ್ತು.

ಜ. 16. ಸವರಿದ್ದು. ನೀರು ಬಂದ್.
ಜ. 22. ಮಣ್ಣು ಹಸಿ.
ಜ. 26. ಹಸಿ. ಇಲ್ಲಿಯ ಚಳಿ ಕಾರಣವೋ?
ಜ. 30. ಹಸಿ. ಕುಂಡದ ತೂತು ನೋಡಿದೆ. ಸರಿ ಇದೆ.
ಫೆ. 3. ಹಸಿ.
ಫೆ. 7. ಹಸಿ. ವಿಚಿತ್ರ.

ಮಂಚದ ಮೇಲೆ ಕೂತು ಅದನ್ನು ಮೂರು ಸಲ ಓದಿದೆ. ಅಪ್ಪ ತಲೆ ಒರೆಸಿಕೊಳ್ಳುತ್ತ ಬಂದಾಗ ಹೇಳಲೇಬೇಕಾಯಿತು, ಹಸಿ ನನ್ನದು, ರಾತ್ರಿ ಹಾಕುತ್ತಿದ್ದೆ ಅಂತ. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಟವೆಲ್ ಹೆಗಲಿಗೆ ಹಾಕಿ ಯೋಚಿಸಿ, “ಹಂಗಾರೆ ಹತ್ತು ದಿನ ಲೇಟಾಗ್ತದೆ” ಅಂದರು.

ಊರಿನಲ್ಲಿ ಇದಕ್ಕೆ ಮಲ್ಲಿಗೆಗೆ ನೀರು ಕಟ್ಟುವುದು ಅನ್ನುತ್ತಿದ್ದರಂತೆ. ಮಲ್ಲಿಗೆ ಹೂ ಬಿಡುವುದು ಹೊಸ ಟಿಸಿಲಿನ ತುದಿಯಲ್ಲಿ. ಹಳೆಯ ಕಡ್ಡಿ ಸವರಿ, ಎಲೆ ತರಿದು, ಕೆಲವು ವಾರ ನೀರು ನಿಲ್ಲಿಸಿದರೆ ಗಿಡ ನಿದ್ದೆಗೆ ಹೋದಂತಾಗುತ್ತದೆ. ಆಮೇಲೆ ಗೊಬ್ಬರ ಹಾಕಿ ತುಂಬ ನೀರು ಕೊಟ್ಟರೆ ಒಟ್ಟಿಗೇ ಚಿಗುರಿ ಒಟ್ಟಿಗೇ ಮೊಗ್ಗು ಕಟ್ಟುತ್ತದೆ. ಇಲ್ಲದಿದ್ದರೆ ಎಲೆ ಮಾತ್ರ ಹುಲುಸು, ಹೂವು ಅಲ್ಲೊಂದು ಇಲ್ಲೊಂದು. ಹುಡುಕಿ ಓದಿದೆ, ತೋಟಗಾರಿಕೆ ಪುಸ್ತಕಗಳೂ ಇದನ್ನೇ ಹೇಳುತ್ತವೆ, ಸವರುವುದು ಮಾತ್ರ ನವೆಂಬರ್ ಕೊನೆಗೆ ಅನ್ನುತ್ತವೆ. ಅಮ್ಮನ ಲೆಕ್ಕದಲ್ಲಿ ಅದು ಸಂಕ್ರಾಂತಿಗೆ, ನೀರು ಬಿಡುವುದು ಶಿವರಾತ್ರಿಗೆ. ಆಮೇಲೆ ಯುಗಾದಿಯ ಹೊತ್ತಿಗೆ ಹೂವು.

“ನಿಮ್ಗೆ ಇದೆಲ್ಲ ಗೊತ್ತಿತ್ತಾ ಅಪ್ಪ?”

“ನಂಗೆಂಥ ಗೊತ್ತು. ಬಾವಿಯಿಂದ ಸೇದಿ ಹಾಕ್ತಿದ್ದದ್ದು ನಾನು. ಸಂಕ್ರಾಂತಿ ಆದ್ಮೇಲೆ ಅದಕ್ಕೆ ಬ್ಯಾಡ ಅಂತಿದ್ಲು. ಬಿಡ್ತಿದ್ದೆ.”

ನಲವತ್ತೈದು ವರ್ಷದ ದಾಂಪತ್ಯದಲ್ಲಿ ಮಲ್ಲಿಗೆಯ ವಿಷಯದಲ್ಲಿ ಅಪ್ಪನಿಗೆ ದಕ್ಕಿದ ಜ್ಞಾನ ಇಷ್ಟು: ಕತ್ತಿ ಮಸೆದುಕೊಡುವುದು ಮತ್ತು ಹೇಳಿದಾಗ ನೀರು ಹಾಕದಿರುವುದು. ಆಮೇಲೆ ಅಮ್ಮ ಏನೇನು ಹಾಕುತ್ತಿದ್ದರು ಅನ್ನುವುದು ಅವರಿಗೂ ಸರಿಯಾಗಿ ನೆನಪಿಲ್ಲ. ಹಿಂಡಿ ನೆನೆಸಿದ ನೀರಿನ ವಾಸನೆ ನೆನಪಿದೆ. ಬೂದಿ ನೆನಪಿದೆ. ಎಷ್ಟು, ಯಾವುದು ಮೊದಲು, ಗೊತ್ತಿಲ್ಲ. ನಾನು ಆ ಪಟ್ಟಿ ಬರೆದಿಟ್ಟುಕೊಂಡಿದ್ದರೆ ಅಂತ ಮತ್ತೊಮ್ಮೆ ಅನ್ನಿಸಿತು. ಈಗ ಆ ಡೈರಿಯೇ ಪಟ್ಟಿ. ಅಪ್ಪನ ಅರ್ಧ ನೆನಪು, ನನ್ನ ಅರ್ಧ ಓದು.

ಫೆಬ್ರವರಿ 15ಕ್ಕೆ ಶಿವರಾತ್ರಿ ಬಂತು, ಹೋಯಿತು. ನನ್ನ ಕಳ್ಳತನದ ದಂಡವಾಗಿ ಇನ್ನೊಂದು ವಾರ ಕಾದೆವು. ಕಡ್ಡಿಗಳು ಎಷ್ಟು ಒಣಗಿ ಕಂಡವೆಂದರೆ ಉಗುರಿನಿಂದ ಕೆರೆದು ಒಳಗೆ ಹಸಿರಿದೆಯೋ ನೋಡುವ ಆಸೆ ದಿನಕ್ಕೆರಡು ಸಲ ಬರುತ್ತಿತ್ತು. ಆ ಕುಂಡದ ಮುಂದೆ ಸುಮ್ಮನೆ ನಿಲ್ಲುವುದು ನನಗೆ ಗೊಬ್ಬರ ಹಾಕುವುದಕ್ಕಿಂತ ಕಷ್ಟವಾಯಿತು. 22ರಂದು ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿದ ನೀರನ್ನು ಹತ್ತರಷ್ಟು ತೆಳ್ಳಗೆ ಮಾಡಿ ಹಾಕಿದೆವು. ವಾಸನೆ ಏಳನೇ ಮಹಡಿಯ ಮರಾಠಿ ಅಜ್ಜಿಗೂ ತಲುಪಿ, ಅವರು ಲಿಫ್ಟಿನಲ್ಲಿ ಸಿಕ್ಕಾಗ ಅಡುಗೆಮನೆಯಲ್ಲಿ ಏನಾದರೂ ಸತ್ತಿದೆಯಾ ಅಂತ ಬಹಳ ಸಂಕೋಚದಿಂದ ಕೇಳಿದರು. ಅಪ್ಪ ತಮ್ಮ ಹಿಂದಿ ಹಾಡಿನ ಭಾಷೆಯಲ್ಲಿ ಮಲ್ಲಿಗೆ, ಹಿಂಡಿ, ಫೂಲ್ ಅಂತೆಲ್ಲ ಹೇಳಿದರು. ಅಜ್ಜಿ “ಮೋಗ್ರಾ?” ಅಂದರು. ಅಲ್ಲಿಂದ ಇಬ್ಬರಿಗೂ ಮಾತು ಶುರುವಾಯಿತು. ನಾನು ಹಾಕಿದ ದಿನಚರಿಯಲ್ಲಿ ಇಂಥದ್ದೊಂದು ಇರಲಿಲ್ಲ.

ಬೂದಿಯ ಕಥೆ ಬೇರೆ. ಫ್ಲ್ಯಾಟಿನಲ್ಲಿ ಬೂದಿ ಎಲ್ಲಿಂದ ಬರಬೇಕು? ಮಾರ್ಚ್ ಮೊದಲ ವಾರ ಸೊಸೈಟಿಯಲ್ಲಿ ಹೋಳಿ ಹೊತ್ತಿಸಿದ ಮಾರನೇ ಬೆಳಿಗ್ಗೆ, ಮಕ್ಕಳು ಬಣ್ಣಕ್ಕೆ ಇಳಿಯುವ ಮೊದಲೇ ಅಪ್ಪ ಕಾಗದದ ಪೊಟ್ಟಣ ಹಿಡಿದು ಹೋಗಿ ಕಾಮನ ಬೂದಿ ತಂದರು, ಮೊರದಲ್ಲಿ ಕೇರಿ ಮೊಳೆ ಕಸ ತೆಗೆದರು. ನಾನು ಅಡ್ಡ ಬಂದೆ. ನಮ್ಮ ಬೋರಿನ ನೀರು, ಟ್ಯಾಂಕರಿನ ನೀರು ಎರಡೂ ಮೊದಲೇ ಗಡಸು, ಕುಂಡದ ಅಂಚಿನಲ್ಲಿ ಸುಣ್ಣ ಕಟ್ಟಿದೆ, ಅದರ ಮೇಲೆ ಬೂದಿ ಹಾಕಿದರೆ ಕ್ಷಾರ ಹೆಚ್ಚಾಗುತ್ತದೆ ಅಂದೆ. ಊರಿನ ಮಣ್ಣು ಹುಳಿ, ಅಲ್ಲಿ ಬೂದಿ ಸರಿ. ಅರ್ಧ ಗಂಟೆ ಚರ್ಚೆಯಾಗಿ ಒಂದು ಚಮಚಕ್ಕೆ ಒಪ್ಪಂದವಾಯಿತು. ಡೈರಿಯಲ್ಲಿ ‘ಬೂದಿ 1 ಚಮಚ (ಮಗಳ ಒಪ್ಪಿಗೆ ಮೇರೆಗೆ)’ ಅಂತ ನಮೂದಾಗಿದೆ.

ಇಷ್ಟರಲ್ಲಿ ಹೊರಗೆ ವಸಂತ ಬಂದಿತ್ತು. ಪುಣೆಯ ವಸಂತ ಅಂದರೆ ಬೆಳಿಗ್ಗೆ ಸಣ್ಣ ಚಳಿ, ಮಧ್ಯಾಹ್ನ 36 ಡಿಗ್ರಿ, ಸಂಜೆ ಟ್ಯಾಂಕರ್‌ಗಳ ಸಾಲು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗಿಡಕ್ಕೆ ಪೈಪಿನಲ್ಲಿ ನೀರು ಬಿಡುವವರ ಮೇಲೆ ಯುದ್ಧ ಶುರುವಾಗುವ ಕಾಲ. ನಾವು ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು ಬಕೆಟ್ಟಿಗೆ ಹಿಡಿದು ಹಾಕುತ್ತೇವೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಕುಂಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಹೆಚ್ಚಿರುತ್ತದೆ. ನೆಲ ಒರೆಸಲು ಸಾಕು. ಒಂದು ಭಾನುವಾರ ಅಪ್ಪನನ್ನು ವೇತಾಳ ಟೇಕಡಿಗೆ ಕರೆದುಕೊಂಡು ಹೋದೆವು. ಗುಡ್ಡದ ಮೇಲೆಲ್ಲ ತಿಳಿ ಗುಲಾಬಿ ಹೂವು, ಜನ ನಿಂತು ನಿಂತು ಫೋಟೊ ತೆಗೆಯುತ್ತಿದ್ದರು. ಅಪ್ಪ ಹತ್ತಿರ ಹೋಗಿ ಎಲೆ ಹಿಸುಕಿ ಮೂಸಿ, “ಇದು ನಮ್ಮ ಗೊಬ್ಬರದ ಗಿಡ ಅಲ್ವನೆ!” ಅಂದರು. ಹೌದು, ಗ್ಲಿರಿಸಿಡಿಯಾ. ಊರಿನಲ್ಲಿ ಬೇಲಿಗೆ ನೆಟ್ಟು, ಸೊಪ್ಪು ಕಡಿದು ತೋಟಕ್ಕೆ ಹಾಕುವ ಗಿಡ. ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವವರನ್ನು ನೋಡಿ ಆವತ್ತು ನಕ್ಕರು. ಇಳಿಯುವಾಗ ಕೆಂಪಗೆ ಹೂವು ಹೊತ್ತ ಒಂದು ಬೂರುಗದ ಮರದ ಕೆಳಗೆ ತುಂಬ ಹೊತ್ತು ನಿಂತರು. ಈಗ ಊರಲ್ಲಿ ಸುರಗಿ ಹೂವಿನ ಕಾಲ ಅಂದರು. ನನಗೆ ಎದೆಯಲ್ಲಿ ಏನೋ ಚುಳ್ಳೆಂದಿತು, ಆದರೆ ಮಾತು ತಿರುಗಿಸಿದೆ.

ಕರಿಬೇವಿನದೂ ಒಂದು ವಿಷಯ ಹೇಳಿಬಿಡುತ್ತೇನೆ. ಚಳಿಗಾಲ ಪೂರ್ತಿ ಕಲ್ಲಿನಂತೆ ನಿಂತಿದ್ದ ಗಿಡ ಮಾರ್ಚ್ ಬಂದದ್ದೇ ಎಲ್ಲ ಗೆಣ್ಣಿನಲ್ಲೂ ಕುಡಿ ಒಡೆಯಿತು. ಅಪ್ಪ ಡೈರಿಯಲ್ಲಿ ‘ಕುಡಿ 17’ ಅಂತ ಬರೆದ ಎರಡನೇ ದಿನಕ್ಕೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳುಗಳು ಬಂದವು. ಮುಟ್ಟಿ ನೋಡಿದರೆ ತಲೆಯ ಮೇಲೆ ಕೆಂಪು ಕೊಂಬು ಚಾಚುತ್ತವೆ. ದೊಡ್ಡದಾದಂತೆ ಹಸಿರಾಗುತ್ತವೆ. ಇವು ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆಯ ಮರಿಗಳು, ಕರಿಬೇವು ಮತ್ತು ನಿಂಬೆ ಇವುಗಳ ಊಟ. ನಾನು ಬೇವಿನೆಣ್ಣೆ ತೆಗೆದೆ. ನಾಲ್ಕನೇ ಕ್ಲಾಸಿನ ಮಗಳು ಅಳು ತೆಗೆದಳು. ಕೊನೆಗೆ ಎರಡು ಹುಳು ಇರಲಿ, ಮಿಕ್ಕವನ್ನು ಕೆಳಗಿನ ಪಾರ್ಕಿನ ನಿಂಬೆ ಗಿಡಕ್ಕೆ ವರ್ಗಾವಣೆ ಮಾಡೋಣ ಅಂತ ಅಜ್ಜ ತೀರ್ಪು ಕೊಟ್ಟರು. ಸರ್ಕಾರಿ ನೌಕರರ ಬಾಯಲ್ಲಿ ‘ವರ್ಗಾವಣೆ’ ಎಷ್ಟು ಸಹಜವಾಗಿ ಬರುತ್ತದೆ! ಉಳಿದೆರಡರಲ್ಲಿ ಒಂದು ಕಾಣೆಯಾಯಿತು. ಇನ್ನೊಂದು ಕಡ್ಡಿಗೆ ನೂಲಿನಿಂದ ಸೊಂಟ ಕಟ್ಟಿಕೊಂಡು ಕೋಶವಾಯಿತು. ಮಗಳು ಸ್ಕೂಲಿನಲ್ಲಿದ್ದಾಗ ಅದು ಹಾರಿಹೋಯಿತು. ನೋಡಿದ್ದು ಅಜ್ಜ ಒಬ್ಬರೇ. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಯುಗಾದಿ ಈ ಸಲ ಬೇಗ, ಮಾರ್ಚ್ 19ಕ್ಕೇ. ಬೇವಿನ ಹೂವು ಕೆಳಗಿನ ಮರದಲ್ಲಿ ಸಿಕ್ಕಿತು. ಏಳನೇ ಮಹಡಿಯ ಅಜ್ಜಿ ಗುಢಿಗೆ ಕಟ್ಟಲು ಬೇವಿನ ಸೊಪ್ಪು ಕೇಳಿದ್ದರು, ಅಪ್ಪ ತಂದುಕೊಟ್ಟರು, ಪ್ರತಿಯಾಗಿ ಶ್ರೀಖಂಡ ಬಂತು. ಶುಗರಿನ ಕಾರಣಕ್ಕೆ ಅದನ್ನು ನಾನು ಬಚ್ಚಿಟ್ಟೆ. ಮಲ್ಲಿಗೆಯಲ್ಲಿ ಆವತ್ತಿಗೆ ಅಕ್ಕಿಕಾಳಿನಷ್ಟು ಮೊಗ್ಗು, ಹೂವಿಲ್ಲ. ನನ್ನ ಹತ್ತು ದಿನ. ಪಂಚಾಂಗ ಓದುವಾಗ ಹೊಸ ಸಂವತ್ಸರದ ಹೆಸರು ಪರಾಭವ ಅಂತ ಬಂತು. ಇದೆಂಥ ಹೆಸರು ಅಂತ ಮಗಳು ಮೂತಿ ಮಾಡಿದಳು. ಅಪ್ಪ, “60 ವರ್ಷಕ್ಕೊಮ್ಮೆ ಬರ್ತದೆ. ಹಿಂದಿನ ಸಲ, 1966ರಲ್ಲಿ, ನಾನು ಹೈಸ್ಕೂಲು. ಏನೂ ಆಗ್ಲಿಲ್ಲ, ಪಾಸಾದೆ” ಅಂದರು. ಆಮೇಲೆ ಒಬ್ಬಟ್ಟಿನ ಎಲೆಯ ಮುಂದೆ, ಅದೇ ದನಿಯಲ್ಲಿ, “ಹಬ್ಬ ಆಯ್ತಲ್ಲ. ನಾನಿನ್ನು ಊರಿಗೆ ಹೋಗ್ತೇನೆ” ಅಂದರು.

ನನಗೆ ಅದು ಬರುತ್ತದೆ ಅಂತ ಗೊತ್ತಿತ್ತು, ಉತ್ತರವೂ ಸಿದ್ಧವಿತ್ತು. ಲ್ಯಾಪ್‌ಟಾಪಿನಲ್ಲಿ ನಿಜಕ್ಕೂ ಒಂದು ಪಟ್ಟಿಯೇ ಇತ್ತು. ಒಬ್ಬರೇ ಇರುವುದು. ರಾತ್ರಿ ಶುಗರ್ ಇಳಿದರೆ. ಬಾವಿಕಟ್ಟೆ ಪಾಚಿ. ಮಳೆಗಾಲದಲ್ಲಿ ಕರೆಂಟಿಲ್ಲದ ಮೂರು ದಿನ, ಸತ್ತ ಫೋನು. ಇಲ್ಲಿಂದ ಏಳುನೂರು ಕಿಲೋಮೀಟರಿಗೆ ಹತ್ತಿರ, ಎಷ್ಟು ಬೇಗ ಹೊರಟರೂ ಹನ್ನೆರಡು ಗಂಟೆ. ಅಮ್ಮನ ಸಲ ಆ ಹನ್ನೆರಡು ಗಂಟೆ ನಮಗೆ ಸಾಲಲಿಲ್ಲ. ಇದನ್ನು ಪಟ್ಟಿಯಲ್ಲಿ ಬರೆದಿರಲಿಲ್ಲ.

ಎಲ್ಲ ಕೇಳಿಸಿಕೊಂಡು ಅಪ್ಪ ಹೇಳಿದ್ದು ಒಂದೇ, “ಮಳೆ ಒಳಗೆ ಹೆಂಚು ಕೈಯಾಡಿಸ್ಬೇಕು. ಹೋದ ವರ್ಷ ಆಗ್ಲಿಲ್ಲ.”

ಹೆಂಚಿನ ವಿಷಯ ಅಲ್ಲ ಅದು ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಹೆಂಚಿನ ವಿಷಯವೂ ಹೌದು; ಮಲೆನಾಡಿನಲ್ಲಿ ಎರಡು ಮಳೆಗಾಲ ಹೆಂಚು ತಿರುವದೆ ಬಿಟ್ಟ ಮನೆ ಮೂರನೆಯದಕ್ಕೆ ಮನೆಯಾಗಿ ಉಳಿಯುವುದಿಲ್ಲ. ನಮ್ಮನೆಯವರು “ಹೋಗಿ ಬರ್ಲಿ ಬಿಡು” ಅಂದರು. “ಬರ್ಲಿ” ಅನ್ನುವ ಶಬ್ದಕ್ಕೆ ನಾನು ಜೋತುಬಿದ್ದೆ. ಮೂರು ದಿನ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಕುಡಿಯುವಾಗ ಏಪ್ರಿಲ್ 4ರ ಶನಿವಾರ ರಾತ್ರಿಯ ಬಸ್ಸಿಗೆ ಬುಕ್ ಮಾಡಲಾ ಅಂತ ನಾನೇ ಕೇಳಿದೆ. ಮೇ ಕೊನೆಗೆ ವಾಪಸ್ ಟಿಕೆಟ್ಟೂ ಈಗಲೇ ಮಾಡುತ್ತೇನೆ ಅಂದೆ. “ಅದು ಈಗ ಬ್ಯಾಡ” ಅಂದರು. ಒಂದು ಟಿಕೆಟ್ ಮಾತ್ರ ಮಾಡಿದೆ. ಫೋನ್ ಚಾರ್ಜ್ ಮಾಡಿಡುವುದು, ದಿನಕ್ಕೆರಡು ಸಲ ಮಾತಾಡುವುದು, ರಾತ್ರಿ ಪಕ್ಕದ ಮನೆಯ ಹುಡುಗ ಬಂದು ಮಲಗುವುದು, ಇಷ್ಟಕ್ಕೆ ಅವರು ಒಪ್ಪಿದರು. ಪಾಚಿ ಹಿಡಿದ ಬಾವಿಕಟ್ಟೆಯ ವಿಷಯಕ್ಕೆ ಒಪ್ಪಲಿಲ್ಲ, ಐವತ್ತು ವರ್ಷದಿಂದ ಜಾರಿಲ್ಲವಂತೆ. ನಾನು ಮಾಡಿದ್ದು ಸರಿಯೋ ತಪ್ಪೋ ಮಳೆಗಾಲದ ನಂತರವೇ ಹೇಳಬಲ್ಲೆ. ನಿಮ್ಮಲ್ಲಿ ಎಷ್ಟೋ ಜನ ಇದೇ ಟಿಕೆಟ್ಟನ್ನು ಬುಕ್ ಮಾಡುತ್ತ, ಕ್ಯಾನ್ಸಲ್ ಮಾಡುತ್ತ ಕೂತಿದ್ದೀರಿ ಅಂತ ಗೊತ್ತು.

ಮೊದಲ ಹೂವು ಅರಳಿದ್ದು ಮಾರ್ಚ್ 28ರ ರಾತ್ರಿ. ಸಂಜೆಗೇ ಎರಡು ಮೊಗ್ಗು ಬಿಳಿಚಿ ದುಂಡಗಾಗಿದ್ದವು. ಕಾಲ್ ಮುಗಿಸಿ ಎದ್ದಾಗ ಹಾಲ್ ತುಂಬ ಪರಿಮಳ. ಅಪ್ಪ ಎದ್ದು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದರು. ದೀಪ ಹಾಕಿರಲಿಲ್ಲ. ಬೆಳಿಗ್ಗೆ ಒಂದನ್ನು ಅಮ್ಮನ ಫೋಟೊಕ್ಕೆ ಇಟ್ಟರು, ಇನ್ನೊಂದನ್ನು ಮೊಮ್ಮಗಳ ಕ್ಲಿಪ್ಪಿಗೆ ಸಿಕ್ಕಿಸಿದರು.

ಹೊರಡುವ ಮುಂಚೆ ಬಿಪಿಯ ಪುಟಗಳನ್ನು ಬೇರೆ ಪುಸ್ತಕಕ್ಕೆ ನಕಲು ಮಾಡಿಕೊಂಡು ಡೈರಿಯನ್ನು ಇಲ್ಲೇ ಬಿಟ್ಟರು. ಬಸ್ಸು ಬಂದಾಗ ನಾನು ಮಾತ್ರೆ ಡಬ್ಬಿಯ ಬಗ್ಗೆ ಮೂರನೇ ಸಲ ಹೇಳುತ್ತಿದ್ದೆ, ಅವರು ದಾಸವಾಳದ ಇರುವೆಯ ಬಗ್ಗೆ ಹೇಳುತ್ತಿದ್ದರು. ಮಾರನೇ ದಿನ ಮಧ್ಯಾಹ್ನ ಫೋನ್ ಬಂತು. ಮನೆ ಬಾಗಿಲು ತೆಗೆದಾಯಿತು, ಜೇಡ ಬಲೆ ಹೊಡೆದಾಯಿತು, ಅಡುಗೆಮನೆಯಲ್ಲಿ ಎರಡು ಕಡೆ ಸೋರಿದ ಗುರುತಿದೆ. ಹಿತ್ತಲಿನ ಮಲ್ಲಿಗೆ ಏನಾಗಿದೆ ಅಂತ ಕೇಳಿದೆ. ಈ ವರ್ಷ ಯಾರೂ ಸವರಿಲ್ಲ, ಕಾಡಾಗಿದೆ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

“ಅಲ್ಲಿ ಇವತ್ತು ಎಷ್ಟು ಬಿಡ್ತು?”

“ಹನ್ನೊಂದು.”

“ಬರ್ದಿಟ್ಟೆಯಾ?”

ಬರೆದಿರಲಿಲ್ಲ. ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಡೈರಿ ಹುಡುಕಲು ಎದ್ದೆ.